ಮೊದಲ ಬಾಂಡ್ ಯಾರು, ಮೊದಲು ತೀರಿಕೊಂಡ ಬಾಂಡ್ ಯಾರು?

ಪ್ರಶ್ನೆ: ರೋಜರ್ ಮೂರ್ ತೀರಿಕೊಂಡಾಗ ‘ಮೊದಲ ಬಾಂಡ್ ನಿಧನ’ ಎಂದು ಓದಿದ ನೆನಪು ನಮ್ಮ ತಂದೆಗೆ. ಮೂರು ವರ್ಷದ ಬಳಿಕ ಶಾನ್ ಕಾನರಿ ಹೋದಾಗಲೂ ಅದೇ ಮಾತು ಕೇಳಿದೆ. ಇಬ್ಬರೂ ಮೊದಲಿಗರಾಗುವುದು ಹೇಗೆ? ಇನ್ನೊಂದು ಸಂದೇಹ: ತಮ್ಮ ನಟನೆಯನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದ ಮೂರ್ ಅವರನ್ನು ಅಭಿಮಾನಿಗಳು ಇಷ್ಟು ಪ್ರೀತಿಯಿಂದ ನೆನೆಯುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೊಂದಲದ ಮೂಲ ಸಿನಿಮಾದಲ್ಲಿಲ್ಲ, ವ್ಯಾಕರಣದಲ್ಲಿದೆ. ‘ಮೊದಲ ಬಾಂಡ್ ನಿಧನ’ ಎಂದರೆ ಆ ಪಾತ್ರವನ್ನು ಮೊದಲು ಮಾಡಿದವರು ತೀರಿಕೊಂಡರು ಎಂದರ್ಥ. ‘ನಿಧನರಾದ ಮೊದಲ ಬಾಂಡ್’ ಎಂದರೆ ಪಾತ್ರ ಮಾಡಿದವರ ಪೈಕಿ ಎಲ್ಲರಿಗಿಂತ ಮುಂಚೆ ಹೊರಟವರು. ಮೊದಲನೆಯ ಮಾತು ಕಾನರಿಯವರಿಗೆ ಸಲ್ಲುತ್ತದೆ, ಎರಡನೆಯದು ಮೂರ್ ಅವರಿಗೆ. ತಂದೆಯವರ ನೆನಪಿನಲ್ಲಿ ಪದಗಳು ಸ್ವಲ್ಪ ಅತ್ತಿತ್ತ ಸರಿದಿವೆ, ಅಷ್ಟೆ.

ಈಗ ವಿವರಕ್ಕೆ ಬರೋಣ. ಲಂಡನ್ನಿನ ಈಯಾನ್ ಪ್ರೊಡಕ್ಷನ್ಸ್ ಸಂಸ್ಥೆ ತೆಗೆದ, ಗೂಢಚಾರ ಜೇಮ್ಸ್ ಬಾಂಡ್‌ನ ಚಿತ್ರಮಾಲೆ 1962ರ ‘ಡಾಕ್ಟರ್ ನೋ’ದಿಂದ ಶುರುವಾಯಿತು. ಅದರ ನಾಯಕ ಕಾನರಿ. 1969ರಲ್ಲಿ ಜಾರ್ಜ್ ಲೇಜನ್‌ಬಿ ಒಂದೇ ಒಂದು ಚಿತ್ರ ಮಾಡಿದರು, 1971ರಲ್ಲಿ ಕಾನರಿ ಮರಳಿ ಬಂದು ಹೋದರು. 1973ರ ‘ಲಿವ್ ಆ್ಯಂಡ್ ಲೆಟ್ ಡೈ’ಯಿಂದ ಮೂರ್ ಕಾಲ. 1985ರ ತನಕ ಅವರು ಏಳು ಚಿತ್ರ ಮಾಡಿದರು. 2017ರ ಮೇ 23ರಂದು, 89ರ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಕಾನರಿ 2020ರ ಅಕ್ಟೋಬರ್ 31ರಂದು ಬಹಾಮಾಸ್‌ನಲ್ಲಿ ನಿಧನರಾದರು.

ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯಿದೆ. ಕಾನರಿಯ ನಂತರ ಬಂದವರಾದ್ದರಿಂದ ಮೂರ್ ಕಿರಿಯರಿರಬೇಕು ಎಂದುಕೊಳ್ಳುತ್ತೇವೆ. ಹಾಗಿಲ್ಲ. ಮೂರ್ ಹುಟ್ಟಿದ್ದು 1927ರಲ್ಲಿ, ಕಾನರಿ 1930ರಲ್ಲಿ. ಕಾನರಿ ಬಾಂಡ್ ಆದಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಮೂರ್ ತಮ್ಮ ಮೊದಲ ಬಾಂಡ್ ಚಿತ್ರದ ಬಿಡುಗಡೆಯ ಹೊತ್ತಿಗೆ ನಲವತ್ತೈದು ದಾಟಿದ್ದರು. ಕೊನೆಯ ಚಿತ್ರ ‘ಎ ವ್ಯೂ ಟು ಎ ಕಿಲ್’ ಬಂದಾಗ ಐವತ್ತೇಳು. ಅದರ ನಾಯಕಿಯ ತಾಯಿಗಿಂತ ತಾನೇ ವಯಸ್ಸಿನಲ್ಲಿ ದೊಡ್ಡವನೆಂದು ಗೊತ್ತಾದಾಗ ಇನ್ನು ಸಾಕು ಅನ್ನಿಸಿತೆಂದು ಅವರೇ ನಗುತ್ತ ಹೇಳುತ್ತಿದ್ದರು.

ಲೆಕ್ಕ ಇನ್ನೂ ಕಟ್ಟುನಿಟ್ಟಾಗಬೇಕೆಂದರೆ ಇಬ್ಬರೂ ಮೊದಲಿಗರಲ್ಲ! 1954ರಲ್ಲೇ ಅಮೆರಿಕದ ಟೆಲಿವಿಷನ್‌ನಲ್ಲಿ ‘ಕ್ಯಾಸಿನೊ ರಾಯಲ್’ ನಾಟಕ ಪ್ರಸಾರವಾಗಿತ್ತು. ಅದರಲ್ಲಿ ಬ್ಯಾರಿ ನೆಲ್ಸನ್ ಎಂಬ ನಟ ಬಾಂಡ್. ಅದೇ ಹೆಸರಿನಲ್ಲಿ 1967ರಲ್ಲಿ ಬಂದ ಅಣಕು ಸಿನಿಮಾದಲ್ಲಿ ಡೇವಿಡ್ ನಿವೆನ್ ನಿವೃತ್ತ ಬಾಂಡ್ ಆಗಿದ್ದರು. ನಿವೆನ್ 1983ರಲ್ಲಿ ತೀರಿಕೊಂಡರು, ನೆಲ್ಸನ್ 2007ರಲ್ಲಿ. ಆದರೆ ಇವೆರಡೂ ಆ ಚಿತ್ರಮಾಲೆಯ ಹೊರಗಿನವು. ಹಾಗಾಗಿ ಅಭಿಮಾನಿಗಳು ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿವೆನ್ ಹೆಸರು ಬಂತು, ಒಂದು ಸಣ್ಣ ಅಡ್ಡಮಾತಿಗೆ ಅವಕಾಶ ಕೊಡಿ. ನಿವೆನ್ ಮತ್ತು ಮೂರ್ ಜೊತೆಯಾಗಿ ನಟಿಸಿದ ‘ದಿ ಸೀ ವುಲ್ವ್ಸ್’ 1980ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ನಮ್ಮ ಪಕ್ಕದ ಗೋವಾದಲ್ಲಿ. ಮಹಾಯುದ್ಧದ ಕಾಲದಲ್ಲಿ ಮರ್ಮಗೋವಾ ಬಂದರಿನಲ್ಲಿದ್ದ ಜರ್ಮನ್ ಹಡಗಿನ ಮೇಲೆ ನಡೆದ ದಾಳಿಯ ಕಥೆ ಅದು. ಇಬ್ಬರು ಬಾಂಡ್‌ಗಳು ಒಟ್ಟಿಗೆ ಗೋವಾಕ್ಕೆ ಬರುವುದಕ್ಕೆ ಸುಮಾರು ಹನ್ನೆರಡು ವರ್ಷ ಮೊದಲೇ ನಮ್ಮ ಗೂಢಚಾರರೊಬ್ಬರು ಅಲ್ಲಿಗೆ ಹೋಗಿ ಬಂದಿದ್ದರು: 1968ರ ‘ಗೋವಾದಲ್ಲಿ ಸಿಐಡಿ 999’. ದೊರೈ-ಭಗವಾನ್ ಜೋಡಿ ಅದೇ ವರ್ಷದ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಕೊಟ್ಟಿದ್ದ ಪಾತ್ರವದು.

ಈ ಅಡ್ಡಮಾತು ನಿಮ್ಮ ಎರಡನೆಯ ಪ್ರಶ್ನೆಗೂ ದಾರಿ. ರಾಜ್ ಅವರನ್ನು ನೆನೆಯುವಾಗ ನಮಗೆ ಸಿಐಡಿ 999 ಮೊದಲು ಹೊಳೆಯುವುದಿಲ್ಲ. ರಾಜೀವಪ್ಪ ಬರುತ್ತಾನೆ, ಮಯೂರ ಬರುತ್ತಾನೆ, ಅವರ ಹಾಡು ಬರುತ್ತದೆ. ಮೂರ್ ಅವರಿಗೆ ಆ ಭಾಗ್ಯವಿರಲಿಲ್ಲ. ಟೆಲಿವಿಷನ್‌ನಲ್ಲಿ ‘ದಿ ಸೇಂಟ್’ ಸರಣಿಯ ಸೈಮನ್ ಟೆಂಪ್ಲರ್ ಆಗಿ 1962ರಿಂದ 1969ರವರೆಗೆ ಮನೆಮಾತಾಗಿದ್ದರೂ, ಬಾಂಡ್ ಬಂದು ಎಲ್ಲವನ್ನೂ ನುಂಗಿದ. ಹೀಗಾದಾಗ ನಟರು ಸಾಮಾನ್ಯವಾಗಿ ಮುನಿಸಿಕೊಳ್ಳುತ್ತಾರೆ. ಕಾನರಿಗೂ ಒಂದು ಹಂತದಲ್ಲಿ ಆ ಪಾತ್ರ ಬೇಸರ ತಂದಿತ್ತು, ಅದನ್ನವರು ಬಚ್ಚಿಡಲೂ ಇಲ್ಲ. ಮೂರ್ ಮುನಿಸಿಕೊಳ್ಳಲಿಲ್ಲ. ಅಭಿಮಾನಿಗಳು ಅವರನ್ನು ನೆನೆಯುವ ಬಗೆಗೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ಅವರು ತೀರಿಕೊಂಡ ವಾರ ಜಗತ್ತಿನೆಲ್ಲೆಡೆ ಜನ ಹಂಚಿಕೊಂಡ ಕಥೆಯೊಂದನ್ನು ನೋಡಿ. ಹೇಳಿದವರು ಬ್ರಿಟನ್ನಿನ ಒಬ್ಬ ಚಿತ್ರಸಾಹಿತಿ. 1983ರಲ್ಲಿ ಅವರು ಏಳು ವರ್ಷದ ಹುಡುಗ. ಫ್ರಾನ್ಸಿನ ನೀಸ್ ವಿಮಾನನಿಲ್ದಾಣದಲ್ಲಿ ಅಜ್ಜನ ಜೊತೆ ಕುಳಿತಿದ್ದಾಗ ಎದುರಿಗೆ ಮೂರ್ ಕಂಡರು. ಅಜ್ಜ, ಅಜ್ಜ, ಜೇಮ್ಸ್ ಬಾಂಡ್! ಅಜ್ಜನಿಗೆ ಬಾಂಡೂ ಗೊತ್ತಿಲ್ಲ, ಮೂರೂ ಗೊತ್ತಿಲ್ಲ. ಆದರೂ ಮೊಮ್ಮಗನ ಆಸೆಗೆ ಹೋಗಿ ಸಹಿ ಕೇಳಿದರು. ಮೂರ್ ವಿಮಾನದ ಟಿಕೆಟ್ಟಿನ ಹಿಂದೆ ಸಹಿ ಹಾಕಿ ಕೊಟ್ಟರು. ಹುಡುಗ ಓದಿ ನೋಡಿದರೆ ಯಾರೋ ರೋಜರ್ ಮೂರ್ ಅಂತೆ! ಮುಖ ಬಾಡಿತು. ಅಜ್ಜ ಮತ್ತೆ ಎದ್ದು ಹೋಗಿ, ನೀವು ತಪ್ಪು ಹೆಸರು ಬರೆದಿದ್ದೀರಂತೆ, ನೀವು ಜೇಮ್ಸ್ ಬಾಂಡ್ ಅಂತೆ ಎಂದರು.

ಮೂರ್ ಹುಡುಗನನ್ನು ಹತ್ತಿರ ಕರೆದರು. ಅತ್ತಿತ್ತ ನೋಡಿ, ಹುಬ್ಬೇರಿಸಿ, ಪಿಸುದನಿಯಲ್ಲಿ ಗುಟ್ಟು ಹೇಳಿದರು: ಬೇರೆ ಹೆಸರಲ್ಲಿ ಸಹಿ ಹಾಕಲೇಬೇಕು ಮಗು, ಇಲ್ಲದಿದ್ದರೆ ನಾನಿಲ್ಲಿರುವುದು ಬ್ಲೊಫೆಲ್ಡ್‌ಗೆ ತಿಳಿದುಬಿಡುತ್ತದೆ, ನೀನೂ ಯಾರಿಗೂ ಹೇಳಬೇಡ. (ಬ್ಲೊಫೆಲ್ಡ್ ಅಂದರೆ ಬಾಂಡ್‌ನ ಬದ್ಧವೈರಿ.) ಸರಿಯಾಗಿ ಸಹಿ ಹಾಕಿದರೇ ಎಂದು ಅಜ್ಜ ಕೇಳಿದಾಗ ಹುಡುಗ, ಇಲ್ಲ, ನನ್ನದೇ ತಪ್ಪು ಎಂದನಂತೆ. ಗುಟ್ಟು ಕಾಯಬೇಕಲ್ಲ!

ಕಥೆ ಅಲ್ಲಿಗೇ ನಿಂತಿದ್ದರೆ ಒಬ್ಬ ಒಳ್ಳೆಯ ಮನುಷ್ಯನ ಸಮಯಸ್ಫೂರ್ತಿ ಎನ್ನಬಹುದಿತ್ತು. ಆದರೆ ಹುಡುಗ ದೊಡ್ಡವನಾದ ಮೇಲೆ, ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್‌ನ ಒಂದು ಚಿತ್ರೀಕರಣದಲ್ಲಿ ಮೂರ್ ಅವರನ್ನು ಮತ್ತೆ ಕಂಡು ಹಳೆಯದನ್ನು ನೆನಪಿಸಿದರು. ಮೂರ್ ನಕ್ಕು, ನನಗೆ ನೆನಪಿಲ್ಲವಲ್ಲ ಎಂದರು. ಕೆಲಸ ಮುಗಿದು ಹೊರಡುವಾಗ ಪಡಸಾಲೆಯಲ್ಲಿ ಹತ್ತಿರ ಬಂದು, ಮತ್ತೆ ಅದೇ ಹುಬ್ಬು, ಅದೇ ಪಿಸುಮಾತು: ನೀಸ್ ನೆನಪಿದೆ ಕಣಯ್ಯ, ಒಳಗೆ ಕ್ಯಾಮೆರಾದವರಿದ್ದರು, ಅವರಲ್ಲಿ ಯಾರಾದರೂ ಬ್ಲೊಫೆಲ್ಡ್‌ನ ಕಡೆಯವರಿರಬಹುದಿತ್ತು ಎಂದರು.

ಗಮನಿಸಿ, ಆ ಮಗುವಿಗೆ ನಟನ ಹೆಸರೇ ಗೊತ್ತಿರಲಿಲ್ಲ. ಬಹಳ ನಟರಿಗೆ ಅದು ಚುಚ್ಚುತ್ತಿತ್ತು. ಮೂರ್ ತಮ್ಮ ಹೆಸರನ್ನೇ ಬಾಂಡ್‌ನ ಸುಳ್ಳು ಹೆಸರಾಗಿ ಮಾಡಿಕೊಟ್ಟರು.

ತಮ್ಮನ್ನು ತಾವೇ ಗೇಲಿ ಮಾಡಿಕೊಂಡದ್ದೂ ಇದೇ ಸ್ವಭಾವದ ಇನ್ನೊಂದು ಮುಖ. ಎಡಹುಬ್ಬು ಏರಿಸುವುದು, ಬಲಹುಬ್ಬು ಏರಿಸುವುದು, ತಮ್ಮ ನಟನೆ ಅಷ್ಟರಲ್ಲೇ ಮುಗಿಯಿತು ಎನ್ನುತ್ತಿದ್ದರು. ಬಂದೂಕು ಕಂಡರೆ ಅವರಿಗೆ ನಿಜಕ್ಕೂ ಆಗುತ್ತಿರಲಿಲ್ಲ. ಗುಂಡು ಹಾರುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು ಎಂದು ಹೇಳಿಕೊಂಡಿದ್ದಾರೆ. ಇವನ್ನು ಅಕ್ಷರಶಃ ನಂಬಿ ಅವರು ಕೆಟ್ಟ ನಟ ಎಂದುಕೊಳ್ಳಬೇಡಿ. ಹಾಸ್ಯದ ಸಾಲನ್ನು ಅಷ್ಟು ಹಗುರವಾಗಿ ಆಡುವುದು ಸುಲಭವಲ್ಲ. ಕಾನರಿಯ ಬಾಂಡ್‌ನನ್ನು ಕಂಡರೆ ಹೆದರಿಕೆಯಾಗುತ್ತದೆ, ಮೂರ್ ಅವರ ಬಾಂಡ್‌ನನ್ನು ಊಟಕ್ಕೆ ಕರೆಯಬಹುದು. ಯಾರು ಮೇಲು ಎಂಬ ಜಗಳ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಭಾರತದವರಿಗೆ ಅವರು ಹತ್ತಿರವಾಗಲು ಬೇರೆಯದೇ ಕಾರಣವಿದೆ: 1983ರ ‘ಆಕ್ಟೋಪಸಿ’. ಉದಯಪುರದ ಪಿಚೋಲ ಸರೋವರದ ನಡುವಿನ ಲೇಕ್ ಪ್ಯಾಲೆಸ್, ಬೆಟ್ಟದ ಮೇಲಿನ ಸಜ್ಜನಗಢ ಎರಡೂ ಅದರಲ್ಲಿವೆ. ಕಬೀರ್ ಬೇಡಿ ಖಳನ ಬಂಟನಾದರೆ, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಬಾಂಡ್‌ನ ಸಹಾಯಕ. ಬಾಂಡ್ ಆಟೋರಿಕ್ಷಾದಲ್ಲಿ ತಪ್ಪಿಸಿಕೊಳ್ಳುವ ದೃಶ್ಯಕ್ಕೆ ನಮ್ಮವರು ನಕ್ಕರು. ಹಾವಾಡಿಗ, ಕೆಂಡ ಹಾಯುವವನು, ಕತ್ತಿ ನುಂಗುವವನು ಎಲ್ಲರನ್ನೂ ಒಂದೇ ಬೀದಿಯಲ್ಲಿ ಗುಡ್ಡೆ ಹಾಕಿದ್ದಕ್ಕೆ ಗೊಣಗಿದವರೂ ಇದ್ದಾರೆ. ಆ ಗೊಣಗಾಟ ನ್ಯಾಯವಾದದ್ದೇ.

ಕೊನೆಗೊಂದು ವಿಷಯ, ಇದು ಹಲವರಿಗೆ ತಿಳಿದಿಲ್ಲ. 2003ರಲ್ಲಿ ಅವರಿಗೆ ‘ಸರ್’ ಪದವಿ ಬಂದದ್ದು ಸಿನಿಮಾಕ್ಕಲ್ಲ, ಮಕ್ಕಳ ಸೇವೆಗೆ. ನಟಿ ಆಡ್ರಿ ಹೆಪ್‌ಬರ್ನ್ ಕರೆದ ಮೇಲೆ 1991ರಲ್ಲಿ ಯುನಿಸೆಫ್‌ನ ಸದ್ಭಾವನಾ ರಾಯಭಾರಿಯಾದರು, ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಅಯೋಡಿನ್ ಕೊರತೆಯಿಂದ ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತವಾಗುವುದನ್ನು ತಡೆಯಲು ಉಪ್ಪಿಗೆ ಅಯೋಡಿನ್ ಬೆರೆಸಿ ಎಂದು ದೇಶ ದೇಶ ಸುತ್ತಿ ಹೇಳಿದರು. ಅವರು ಹೋದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳು ಅವರ ಎರಡು ಬಾಂಡ್ ಚಿತ್ರಗಳನ್ನು ಮತ್ತೆ ತೋರಿಸಿ, ಬಂದ ಹಣದ ಪಾಲನ್ನು ಯುನಿಸೆಫ್‌ಗೆ ಕೊಟ್ಟವು.

ಆ ಎರಡರಲ್ಲಿ ಒಂದು 1977ರ ‘ದಿ ಸ್ಪೈ ಹೂ ಲವ್ಡ್ ಮಿ’. ತಂದೆಯವರ ಜೊತೆ ಕೂತು ನೋಡುವುದಾದರೆ ಅದರಿಂದಲೇ ಶುರುಮಾಡಿ. ಆರಂಭದಲ್ಲೇ ಬಾಂಡ್ ಹಿಮದ ಬೆಟ್ಟದ ತುದಿಯಿಂದ ಸ್ಕೀ ಸಮೇತ ಪ್ರಪಾತಕ್ಕೆ ಹಾರುತ್ತಾನೆ. ಬಹಳ ಹೊತ್ತು ಸದ್ದೇ ಇಲ್ಲ, ಆಮೇಲೆ ಬ್ರಿಟನ್ನಿನ ಧ್ವಜದ ಬಣ್ಣದ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಹಾಗೆ ನಿಜವಾಗಿ ಹಾರಿದವರು ರಿಕ್ ಸಿಲ್ವೆಸ್ಟರ್ ಎಂಬ ಸಾಹಸ ಕಲಾವಿದ. ಮೂರ್ ಅದನ್ನೆಂದೂ ತಮ್ಮದೆಂದು ಹೇಳಿಕೊಳ್ಳಲಿಲ್ಲ. ಆದರೆ ಹಾರಿದ್ದು ಮೂರ್ ಅವರೇ ಎಂದು ತಂದೆಯವರು ಹೇಳಿದರೆ, ದಯವಿಟ್ಟು ತಿದ್ದಲು ಹೋಗಬೇಡಿ.