ಚಕ್ರದ ಹಿಂದಿನ ರಬ್ಬರ್ ಬೂಟು

ಅಕ್ಕಂದಿರೇ,

ಬೂಟು ಅಂದರೆ ಕಾಲಿಗೆ ಹಾಕುವುದು ಅಂತ ನಮಗೆಲ್ಲ ಗೊತ್ತು. ಕಾರಿಗೂ ಬೂಟು ಇದೆ. ಅದು ಚಕ್ರದ ಹಿಂದೆ ಇರುತ್ತದೆ. ಕಪ್ಪು ರಬ್ಬರಿನದು. ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಆಕ್ಸಲ್ ಬೂಟ್ ಅನ್ನುತ್ತಾರೆ.

ಮಾರುತಿ 800 ಕಾರು ನೋಡಿದ್ದೀರಿ. 1983ರಲ್ಲಿ ಬಂತು. 2014ರಲ್ಲಿ ಕಂಪನಿ ಅದನ್ನು ಮಾಡುವುದು ನಿಲ್ಲಿಸಿತು. ಆದರೂ ಜಯನಗರ, ಬನಶಂಕರಿ, ಜೆ.ಪಿ. ನಗರದ ಬೀದಿಗಳಲ್ಲಿ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಅದರಲ್ಲೇ ಹೂವು, ತರಕಾರಿ, ಊಟದ ಡಬ್ಬಿ ಸಾಗಿಸುವ ಮನೆಗಳಿವೆ. ಗಾಡಿ ಕೆಟ್ಟು ನಿಂತರೆ ಅಂದಿನ ಸಂಪಾದನೆಯೂ ನಿಂತಿತು.

ಈ ಕಾರಿನಲ್ಲಿ ಎಂಜಿನ್ ಮುಂದಿನ ಎರಡು ಚಕ್ರಗಳನ್ನು ತಿರುಗಿಸುತ್ತದೆ. (ಓಮ್ನಿ ಹಾಗಲ್ಲ. ಅದರಲ್ಲಿ ಎಂಜಿನ್ ಹಿಂದಿನ ಚಕ್ರ ತಿರುಗಿಸುತ್ತದೆ. ಮುಂದಿನ ಚಕ್ರದಲ್ಲಿ ಈ ಬೂಟು ಹುಡುಕಬೇಡಿ.) ಎಂಜಿನ್ ಕಡೆಯಿಂದ ಚಕ್ರಕ್ಕೆ ಒಂದು ಕಬ್ಬಿಣದ ಸರಳು ಹೋಗುತ್ತದೆ. ಅದೇ ಆಕ್ಸಲ್. ಆದರೆ ಚಕ್ರ ಸುಮ್ಮನೆ ಇರುತ್ತದೆಯೇ? ಎಡಕ್ಕೆ ಬಲಕ್ಕೆ ಹೊರಳುತ್ತದೆ. ಹಂಪ್ ಬಂದರೆ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಸರಳಿನ ಎರಡೂ ತುದಿಯಲ್ಲಿ ಬಾಗುವ ಕೀಲು ಇಟ್ಟಿದ್ದಾರೆ. ನಮ್ಮ ಮೊಣಕೈ ಇದ್ದ ಹಾಗೆ. ಹೊರಗಿನ ಕೀಲಿನೊಳಗೆ ಉಕ್ಕಿನ ಗುಂಡುಗಳಿವೆ. ಸುತ್ತ ಗ್ರೀಸ್ ಇದೆ. ಗ್ರೀಸ್ ಹೊರಗೆ ಹೋಗದಂತೆ, ಮಣ್ಣು ಒಳಗೆ ಬರದಂತೆ ಕಾಯುವುದೇ ಈ ಬೂಟು.

ರಬ್ಬರ್ ಹಳತಾದರೆ ಬಿರಿಯುತ್ತದೆ. ಬಿರುಕಿನಿಂದ ಗ್ರೀಸ್ ಹೊರಕ್ಕೆ ಚಿಮ್ಮುತ್ತದೆ. ಮಳೆಗಾಲದಲ್ಲಿ ಗುಂಡಿಯ ಕೆಸರು ಒಳಗೆ ನುಗ್ಗುತ್ತದೆ. ರಾಗಿ ಕಲ್ಲಿಗೆ ಮರಳು ಬಿದ್ದರೆ ಏನಾಗುತ್ತದೆ? ಹಾಗೇ ಕೀಲು ಸವೆಯುತ್ತದೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: “ಟೀಚರ್, ನಮ್ಮನೆ ಕಾರು ಪೂರ್ತಿ ತಿರುಗಿಸಿದ್ರೆ ಟಕ ಟಕ ಅಂತದೆ. ಬೂಟು ಒಂದು ಹಾಕಿಸಿದ್ರೆ ಸಾಕಾ?”

ಸಾಲದು. ಸದ್ದು ಬಂತು ಅಂದರೆ ಕೀಲು ಆಗಲೇ ಸವೆದಿದೆ. ಸದ್ದು ಬರುವ ಮೊದಲೇ ಹರಿದದ್ದು ಕಂಡರೆ ಬೂಟು, ಗ್ರೀಸ್, ಕ್ಲಿಪ್ ಇಷ್ಟರಲ್ಲೇ ಮುಗಿಯುತ್ತದೆ. ಬೂಟಿಗೆ ನೂರರ ಲೆಕ್ಕ. ಇಡೀ ಆಕ್ಸಲಿಗೆ ಸಾವಿರದ ಲೆಕ್ಕ. ಕಿವಿಗೆ ಕೇಳುವವರೆಗೆ ಕಾಯಬಾರದು. ಕಣ್ಣಲ್ಲಿ ನೋಡಬೇಕು.

ನೋಡುವುದು ಹೇಗೆ? ಕಾರನ್ನು ಸಮ ನೆಲದಲ್ಲಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿಯೇ ನಿಲ್ಲಿಸಲಿ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆಯಲಿ. ಕೀ ನಿಮ್ಮ ಕೈಯಲ್ಲಿರಲಿ. ಕಾರು ತಣ್ಣಗಾಗಲಿ. ಆಮೇಲೆ ಚಕ್ರದ ಪಕ್ಕ ಕುಳಿತು ಟಾರ್ಚ್ ಬಿಡಿ. ಜಾಕ್ ಬೇಡ. ಕಾರಿನ ಕೆಳಗೆ ಹೋಗುವುದೂ ಬೇಡ. ನೆರಿಗೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಬಿರುಕು ಮಡಿಕೆಯ ಒಳಗೇ ಅಡಗಿರುತ್ತದೆ. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟು ಹರಿದಿದೆ ಅಂತಲೇ ತಿಳಿಯಿರಿ. ಒಂದು ಚಕ್ರಕ್ಕೆ ಹೊರಗೊಂದು, ಒಳಗೊಂದು. ಒಟ್ಟು 4 ಬೂಟುಗಳು.

ಅಲ್ಲಿಯೇ ಶಾಕ್ ಅಬ್ಸಾರ್ಬರನ್ನೂ ನೋಡಿ. ಅದರ ಮೈಮೇಲೆ ಎಣ್ಣೆ ಇಳಿದಿದೆಯೇ? ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಂದೆರಡು ಸಲ ಆಡಿ ನಿಲ್ಲಬೇಕು. ತೊಟ್ಟಿಲ ಹಾಗೆ ತೂಗುತ್ತಲೇ ಇದ್ದರೆ ಶಾಕ್ ಸೋತಿದೆ. ಆದರೆ ಅದರ ಸುತ್ತ ಇರುವ ಸ್ಪ್ರಿಂಗನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಜೀವ ಹೋಗಬಹುದು. ಅದಕ್ಕೆ ಬೇರೆ ಉಪಕರಣ ಬೇಕು. ಗ್ಯಾರೇಜೇ ಸರಿ.

ಬೂಟನ್ನು ಮನೆಯಲ್ಲೇ ಬದಲಿಸುವವರು ಇದ್ದಾರೆ. ಅವರ ಕೆಲಸ ಹೀಗೆ. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲಿನ ದೊಡ್ಡ ನಟ್ ಸಡಿಲಿಸುತ್ತಾರೆ. ಅದು ಬಹಳ ಬಿಗಿ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಕಾರನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಇಟ್ಟಿಗೆ, ಸೈಜುಗಲ್ಲು ಇಡಲೇಬಾರದು. ಕಾರು 600 ಕಿಲೋಗೂ ಹೆಚ್ಚು ತೂಕ. ಇಟ್ಟಿಗೆ ಪುಡಿಯಾಗುವಾಗ ಹೇಳಿ ಪುಡಿಯಾಗುವುದಿಲ್ಲ.

ಆಮೇಲೆ ಚಕ್ರ ತೆಗೆದು, ಗೇರ್ ಆಯಿಲ್ ಇಳಿಸಿ, ಆಕ್ಸಲ್ ಹೊರಗೆಳೆಯುತ್ತಾರೆ. ಕೀಲಿನ ಹಳೆ ಗ್ರೀಸನ್ನು ಪೂರ್ತಿ ಒರೆಸುತ್ತಾರೆ. ಒಳಗೆ ಗುಳಿ ಬಿದ್ದಿದ್ದರೆ ಹೊಸ ಬೂಟು ದಂಡ. ಚೆನ್ನಾಗಿದ್ದರೆ ಬೂಟಿನ ಜೊತೆ ಬರುವ ಗ್ರೀಸನ್ನು ತುಂಬಿ, ಬೂಟು ಏರಿಸಿ, ಕ್ಲಿಪ್ ಬಿಗಿಯುತ್ತಾರೆ. ಎಲ್ಲ ಜೋಡಿಸಿ, ಆಯಿಲ್ ತುಂಬಿ, ಕಾರು ನೆಲಕ್ಕಿಳಿದ ಮೇಲೆ ದೊಡ್ಡ ನಟ್ಟನ್ನು ಪೂರ್ತಿ ಬಿಗಿಯಬೇಕು. ಅದರ ಪಿನ್ ಅಥವಾ ಲಾಕ್ ಹೊಸದೇ ಆಗಬೇಕು. ಕೆಲವರು ಹರಿದ ಬೂಟಿಗೆ ಟೇಪ್ ಸುತ್ತುತ್ತಾರೆ. ಅದು ನಿಲ್ಲುವುದಿಲ್ಲ.

ಒಮ್ಮೆಯಾದರೂ ತಿಳಿದವರ ಪಕ್ಕದಲ್ಲಿ ನಿಂತು ನೋಡದೆ ಯಾರೂ ಇದಕ್ಕೆ ಕೈಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಗಂಡಸರಿಗೂ ಇದೇ ಮಾತು. ನೋಡುವ ಕೆಲಸ, ಓದುವ ಕೆಲಸ ಮಾತ್ರ ಇವತ್ತೇ ನಿಮ್ಮ ಕೈಯಲ್ಲಿದೆ.

ಏನು ಓದಬೇಕು? ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡರೆ ಬಿಲ್ಲಿನಲ್ಲಿ ನಿಮ್ಮ ಕಾರಿನ ಹೆಸರಿದೆಯೇ, ಹೊರಗಿನ ಬೂಟೋ ಒಳಗಿನದೋ, ಬರೆಸಿಕೊಳ್ಳಿ. ಗ್ಯಾರೇಜಿನ ಬಿಲ್ಲಿನಲ್ಲಿ ಸಾಮಾನು ಬೇರೆ, ಕೂಲಿ ಬೇರೆ ಇರಲಿ. ಬೂಟು ಮಾತ್ರ ಹಾಕಿ ಆಕ್ಸಲ್ ಅಂತ ಬರೆದಿದ್ದರೆ ಕೇಳಿ. “ಅಣ್ಣಾ, ತೆಗೆದ ಹಳೇದು ಕೊಡಿ” ಅನ್ನಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಈಗ ನೋಟ್ ಪುಸ್ತಕ ತೆಗೆಯಿರಿ. ಇದನ್ನು ಬರೆದುಕೊಂಡು, ಕಾರು ನೋಡಿ ಬಂದು ತುಂಬಿ.

ಗಾಡಿ ನಂಬರ್ ..........
ನೋಡಿದ ತಾರೀಕು ..........
ಎಡಗಡೆ ಬೂಟು, ಹೊರಗೆ .......... ಒಳಗೆ ..........
ಬಲಗಡೆ ಬೂಟು, ಹೊರಗೆ .......... ಒಳಗೆ ..........
ತಿರುಗಿಸಿದಾಗ ಸದ್ದು: ಇದೆ / ಇಲ್ಲ