ಪಂಚಾಂಗದಲ್ಲಿಲ್ಲದ ಫಿಲೋಮಿನಾ ಹಬ್ಬ ಮಾಡಬಹುದೇ?

ಪ್ರಶ್ನೆ: ಫಾದರ್, ಆಗಸ್ಟ್ 11 ಬಂತೆಂದರೆ ನಮ್ಮಮ್ಮ ತಪ್ಪದೆ ನನ್ನನ್ನು ಮೈಸೂರಿನ ಅಶೋಕ ರಸ್ತೆಯ ದೊಡ್ಡ ಚರ್ಚಿಗೆ ಕರೆದೊಯ್ಯುತ್ತಿದ್ದರು. ನನಗೂ ಫಿಲೋಮಿನಾ ಎಂದೇ ಹೆಸರಿಟ್ಟರು. ಈಗ ಕಾಲೇಜಿಗೆ ಹೋಗುವ ಮಗಳು, ‘ಆ ಸಂತಳನ್ನು ರೋಮೇ ಪಟ್ಟಿಯಿಂದ ತೆಗೆದಿದೆ, ನೀನು ಯಾರ ಹಬ್ಬ ಮಾಡ್ತೀಯಮ್ಮ?’ ಎನ್ನುತ್ತಾಳೆ. ಏನು ಹೇಳಲಿ?
– ಓದುಗರು, ಬನ್ನಿಮಂಟಪ

ಉತ್ತರ: ಮಗಳು ಹೇಳಿದ್ದು ಅರ್ಧ ನಿಜ, ಅಮ್ಮ. 1961ರಲ್ಲಿ ರೋಮ್ ಈ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ಕೈಬಿಟ್ಟಿತು. ಆಕೆಗೆ ಪ್ರಾರ್ಥಿಸಬೇಡಿ ಎಂದು ಮಾತ್ರ ಹೇಳಲಿಲ್ಲ. ಕೈಬಿಟ್ಟದ್ದು ಚರಿತ್ರೆಯ ಆಧಾರ ಸಾಲದೆಂದು.

1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಒಂದು ಸಮಾಧಿ ಸಿಕ್ಕಿತು. ಒಳಗೆ ಚಿಕ್ಕ ಹುಡುಗಿಯೊಬ್ಬಳ ಮೂಳೆಗಳು. ಸಮಾಧಿಯ ಬಾಯಿಗೆ ಮುಚ್ಚಿದ್ದ ಸುಟ್ಟಮಣ್ಣಿನ ಮೂರು ಬಿಲ್ಲೆಗಳು. ಅವುಗಳ ಬರಹ ಹಿಂದುಮುಂದಾಗಿತ್ತು. ಮೊದಲ ಬಿಲ್ಲೆಯನ್ನು ಕೊನೆಗಿಟ್ಟು ಓದಿದರೆ, ‘ಶಾಂತಿ ನಿನ್ನೊಡನಿರಲಿ, ಫಿಲೋಮಿನಾ’. ಆಕೆ ರಾಜಕುಮಾರಿ, ಆಕೆಯನ್ನು ಕೊಲ್ಲಿಸಿದವನು ಚಕ್ರವರ್ತಿ ಎಂಬ ಕಥೆಯೆಲ್ಲ ಆಮೇಲೆ ಸಂನ್ಯಾಸಿನಿಯೊಬ್ಬರ ದರ್ಶನಗಳಿಂದ ಬಂದದ್ದು. ಅದನ್ನು ಚರಿತ್ರೆ ಎಂದು ನಾನೂ ಬೋಧಿಸುವುದಿಲ್ಲ.

ಆದರೂ ಅಷ್ಟರಿಂದಲೇ ಎಷ್ಟೊಂದು ಆಯಿತು ನೋಡಿ. ಆರ್ಸ್ ಊರಿನ ಸಂತ ಜಾನ್ ವಿಯಾನ್ನಿ ತಮ್ಮ ಬಳಿ ನಡೆದ ಅದ್ಭುತಗಳನ್ನೆಲ್ಲ ಈಕೆಯ ಹೆಸರಿಗೇ ಬರೆದರು. 1926ರಲ್ಲಿ ಮೈಸೂರು ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬೂಚೆಟ್ಟಿಯವರು ಪವಿತ್ರ ಅವಶೇಷವೊಂದನ್ನು ತರಿಸಿಕೊಂಡರು. 1933ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೇ ನಿಮ್ಮ ಚರ್ಚಿಗೆ ಅಡಿಗಲ್ಲು ಹಾಕಿದರು. ಮಲಗಿದ ಭಂಗಿಯ ಆಕೆಯ ಪ್ರತಿಮೆ ಇಂದಿಗೂ ಅಲ್ಲಿಯ ನೆಲಮಾಳಿಗೆಯಲ್ಲಿದೆ.

ಯಾವುದೋ ಕಾಲದ ವಿಶ್ವಾಸಿಗಳು ಸತ್ತ ಮಗುವೊಂದನ್ನು ಅನಾಥವಾಗಿ ಬಿಡದೆ, ಶಾಂತಿ ಕೋರುವ ಬಿಲ್ಲೆಗಳನ್ನಿಟ್ಟು ಮಣ್ಣುಮಾಡಿದರು. ಇಷ್ಟನ್ನು ಯಾರೂ ಅಲ್ಲಗಳೆಯಲಾರರು. ನನಗೆ ಈ ಹಬ್ಬದ ಹುರುಳು ಕಾಣುವುದು ಇಲ್ಲೇ. ನವೆಂಬರ್ 1ರಂದು ಕನ್ನಡ ಬಾವುಟ ಹಾರುವ ದಿನವೇ ನಾವು ಸಕಲ ಸಂತರ ಹಬ್ಬ ಮಾಡುತ್ತೇವಲ್ಲ, ಅದು ಹೆಸರು ದಾಖಲಾಗದವರಿಗಾಗಿಯೂ. ಈ ಬಾರಿ ಮಗಳನ್ನೂ ಜತೆಗೆ ಕರೆದೊಯ್ಯಿರಿ. ಮೇಣದಬತ್ತಿ ಹಚ್ಚಿದ ಮೇಲೆ, ನೋಡುವವರಿಲ್ಲದೆ ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬರ ಹತ್ತಿರ ಇಬ್ಬರೂ ಹೋಗಿ ಕೂತು ಬನ್ನಿ. ಬದುಕಿರುವವರಿಗೂ ಶಾಂತಿ ಕೋರುವವರು ಬೇಕು.

ಪ್ರಶ್ನೆ: ಡೋರನಹಳ್ಳಿಯ ಸಂತ ಅಂತೋಣಿಯವರಿಗೆ ಕೆಲಸ ಸಿಕ್ಕರೆ ಬರುತ್ತೇನೆಂದು ಹರಕೆ ಹೊತ್ತಿದ್ದೆ. ಕೆಲಸ ಸಿಕ್ಕಿದೆ. ಜೂನ್ 13ಕ್ಕೆ ರಜೆ ಇಲ್ಲ. ಹರಕೆ ಬಾಕಿ ಉಳಿಯಿತೇ?
– ಓದುಗರು, ಕೆ.ಆರ್. ನಗರ

ಉತ್ತರ: ಇಲ್ಲ, ತಮ್ಮ. ಜೂನ್ 13 ಅಂತೋಣಿಯವರು 1231ರಲ್ಲಿ ತೀರಿಕೊಂಡ ದಿನ. ತೇರು, ಜನಜಾತ್ರೆ ಎಲ್ಲ ಆಗ. ಆದರೆ ಮಂಗಳವಾರವೂ ಅವರದೇ ವಾರ. ರಜೆ ಸಿಕ್ಕ ಯಾವ ದಿನ ಹೋದರೂ ಆಯಿತು. ಅವರ ಹೆಸರಲ್ಲಿ ಬಡವರಿಗೆ ರೊಟ್ಟಿ ಹಂಚುವ ಹಳೆಯ ವಾಡಿಕೆಯಿದೆ. ಮೊದಲ ಸಂಬಳದಲ್ಲಿ ಹಸಿದ ನಾಲ್ಕು ಜನರಿಗೆ ಊಟ ಹಾಕಿಸಿ, ಆಮೇಲೆ ಬಸ್ಸು ಹತ್ತು.