ಗಾಳಿಯ ಸಾರಜನಕ ಬೆಳೆಗೆ ಏಕೆ ದಕ್ಕದು?

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಆದರೂ ಅದರ ಕೊರತೆಯಿಂದಲೇ ರಾಗಿ, ಜೋಳದ ಪೈರು ಹಳದಿಯಾಗುತ್ತದೆ. ರೈತರು ಹಣ ತೆತ್ತು ಯೂರಿಯಾ ಕೊಳ್ಳಬೇಕಾಗುತ್ತದೆ. ಇದಕ್ಕೆ ಕಾರಣ ಸಾರಜನಕದ ಪರಮಾಣುವಿನ ರಚನೆಯಲ್ಲಿದೆ.

ಪರಮಾಣುವಿನ ಹೊರಕವಚದಲ್ಲಿರುವ ಎಲೆಕ್ಟ್ರಾನುಗಳಿಗೆ ವೇಲೆನ್ಸ್ ಎಲೆಕ್ಟ್ರಾನುಗಳೆಂದು ಹೆಸರು. ಒಂದು ಪರಮಾಣು ಇನ್ನೊಂದರೊಡನೆ ಕೂಡುವುದು ಇವುಗಳ ಮೂಲಕವೇ. ಸಾರಜನಕಕ್ಕೆ ಇಂಥವು 5. ಕವಚ ತುಂಬಲು 8 ಬೇಕು. ಆದ್ದರಿಂದ ಎರಡು ಪರಮಾಣುಗಳು ತಲಾ 3 ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೊರತೆ ನೀಗಿಸಿಕೊಳ್ಳುತ್ತವೆ. ಮೂರೆಳೆಯ ಹುರಿಯಂತಿರುವ ಈ ತ್ರಿಬಂಧ ಬಹು ಗಟ್ಟಿ. ಬೆಳೆಗೆ ಇದನ್ನು ಬಿಡಿಸುವ ಶಕ್ತಿಯಿಲ್ಲ.

ಕಾರ್ಖಾನೆಗಳಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ಭಾರಿ ಒತ್ತಡ ಹಾಗೂ ಕಬ್ಬಿಣದ ವೇಗವರ್ಧಕದ ನೆರವಿನಿಂದ ಈ ಬಂಧವನ್ನು ಬಿಡಿಸುತ್ತಾರೆ. ಆಗ ಪ್ರತಿ ಸಾರಜನಕ ಪರಮಾಣು 3 ಜಲಜನಕ ಪರಮಾಣುಗಳೊಡನೆ ಕೂಡಿ ಅಮೋನಿಯಾ ಆಗುತ್ತದೆ. ಯೂರಿಯಾ ತಯಾರಾಗುವುದು ಇದರಿಂದಲೇ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಅಣುಜೀವಿಗಳು ಇದೇ ಕೆಲಸವನ್ನು ಹೊಲದ ಸಾಧಾರಣ ಶಾಖದಲ್ಲೇ ಮಾಡುತ್ತವೆ.

ಹೂ ಬಿಡುವ ಸಮಯದಲ್ಲಿ ತೊಗರಿ ಅಥವಾ ಶೇಂಗಾ ಗಿಡವನ್ನು ಬೇರು ಹರಿಯದಂತೆ ಅಗೆದು, ಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆಯೆಂದು ತಿಳಿಯಬೇಕು. ಗಂಟು ವಿರಳವಾಗಿದ್ದರೆ ಮುಂದಿನ ಬಿತ್ತನೆಯಲ್ಲಿ ಆಯಾ ಬೆಳೆಗೆ ಹೊಂದುವ ರೈಜೋಬಿಯಂ ಗೊಬ್ಬರವನ್ನು ತಣ್ಣಗಾದ ಬೆಲ್ಲದ ಪಾಕದೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಕೂಡಲೇ ಬಿತ್ತಬೇಕು. ಬಿಸಿಲು ತಗುಲಿದರೆ ಅಣುಜೀವಿಗಳು ಸಾಯುತ್ತವೆ.